ಕೆರೆ ಏರಿಯ ಮೇಲೆ ಸಿಗ್ನಲ್ಲು

ಮೊಬೈಲ್ ಫೋನನ್ನು ಬೈಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅದನ್ನು ಹಾಡಿ ಹೊಗಳುವ ಕಂಪನಿಯವರನ್ನು ಕಂಡರಂತೂ ಇನ್ನೂ ಆಗುವುದಿಲ್ಲ. ‘ಈ ಹಾಳು ಡಬ್ಬಿ ಬಂದು ಸಂಸಾರಗಳೆಲ್ಲ ಕೆಟ್ಟವು’ ಅನ್ನುವವರು ಒಂದು ಕಡೆ, ‘ಈ ಡಬ್ಬಿಯಿಂದಲೇ ಹಳ್ಳಿಗಳು ಉದ್ಧಾರವಾದವು’ ಅನ್ನುವವರು ಇನ್ನೊಂದು ಕಡೆ. ಇಬ್ಬರಲ್ಲಿ ಒಬ್ಬರೂ ನಮ್ಮೂರ ಕೆರೆ ಏರಿಯ ಮೇಲೆ ಒಂದು ಸಂಜೆ ನಿಂತವರಲ್ಲ. ನಾನು ವರ್ಷಗಟ್ಟಲೆ ನಿಂತವಳು. ಆದ್ದರಿಂದ ಇಬ್ಬರನ್ನೂ ಬೈಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಾನು ಬೆಳೆದದ್ದೇ ಫೋನಿನ ಪಕ್ಕದಲ್ಲಿ. ಭೇರ್ಯದಲ್ಲಿ ಬಸ್ಸು ನಿಲ್ಲುವ ಕಡೆ ನಮ್ಮಪ್ಪನದೊಂದು ಎಸ್‌ಟಿಡಿ ಬೂತು. ತೊಂಬತ್ತರ ದಶಕದ ಆ ಹಳದಿ ಬೋರ್ಡು, ಗಾಜಿನ ಬಾಗಿಲಿನ ಗೂಡು, ಕೆಂಪಗೆ ಓಡುವ ಮೀಟರಿನ ಅಂಕಿಗಳು, ಮಾತು ಮುಗಿದ ಕೂಡಲೇ ಕಿರ್ರೆಂದು ನಾಲಗೆ ಚಾಚುವ ಬಿಲ್ಲಿನ ಯಂತ್ರ, ಇವೆಲ್ಲ ನನ್ನ ಆಟದ ಸಾಮಾನು. ಶಾಲೆಯಿಂದ ಬಂದು ಪುಸ್ತಕದ ಚೀಲ ಎಸೆದು ಕೌಂಟರಿನ ಹಿಂದೆ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಕೆಟ್ಟು ಮೂಲೆಗೆ ಬಿದ್ದಿದ್ದ ಫೋನೊಂದನ್ನು ಬಿಚ್ಚಿ, ಅದರ ಕಿವಿಯೊಳಗಿನ ತೆಳು ತಗಡನ್ನು ಬೆರಳಲ್ಲಿ ತಟ್ಟಿ, ಇಷ್ಟು ಸಣ್ಣದರೊಳಗೆ ದಿಲ್ಲಿಯವರ ದನಿ ಹೇಗೆ ತೂರಿ ಬರುತ್ತದೆ ಎಂದು ಕುಣಿದಾಡಿದ್ದು ಚೆನ್ನಾಗಿ ನೆನಪಿದೆ. “ಹೆಣ್ಮಗೂಗೆ ಸ್ಕ್ರೂಡ್ರೈವರ್ ಯಾಕೆ?” ಎಂದು ಅಮ್ಮ ಗದರುತ್ತಿದ್ದಳು. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅಪ್ಪನದೊಂದು ಅಭ್ಯಾಸವಿತ್ತು. ಯಾರಾದರೂ ಗೂಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ ತಕ್ಷಣ ಕೌಂಟರಿನ ಮೇಲಿದ್ದ ರೇಡಿಯೋದ ಸದ್ದು ಜಾಸ್ತಿ ಮಾಡುತ್ತಿದ್ದ. ಕೃಷಿ ವಾರ್ತೆಯಾಗಲಿ, ಸಂಸ್ಕೃತ ವಾರ್ತೆಯಾಗಲಿ, ಗರಗರ ಅನ್ನುವ ಬರೀ ಸದ್ದಾಗಲಿ, ಒಟ್ಟು ಜೋರಾಗಿರಬೇಕು. ಯಾಕೆಂದು ಕೇಳಿದ್ದಕ್ಕೆ, “ಇನ್ನೊಬ್ರ ಮಾತು ಎಂಜ್ಲು ಇದ್ದಂಗೆ ಕಣವ್ವ, ಮುಟ್ಬಾರ್ದು” ಅಂದಿದ್ದ. ಆದರೆ ನಮ್ಮ ಜನ ಬಿಡಬೇಕಲ್ಲ! ಬೊಂಬಾಯಿಯಲ್ಲಿರುವವನಿಗೆ ಬೊಂಬಾಯಿಗೆ ಕೇಳುವಷ್ಟು ಜೋರಾಗಿಯೇ ಮಾತಾಡಬೇಕು ಎಂದು ಅವರ ನಂಬಿಕೆ. ಅಪ್ಪ ರೇಡಿಯೋ ಎಷ್ಟು ಜೋರು ಮಾಡಿದರೂ ಅವರ ದನಿ ಅದರ ಮೇಲೆ ಹೋಗುತ್ತಿತ್ತು, ಬಸ್ಸಿಗೆ ಕಾಯುತ್ತಿದ್ದವರಿಗೆ ಪುಕ್ಕಟೆ ಮನರಂಜನೆಯಾಗುತ್ತಿತ್ತು.

ಇಂಥ ನನ್ನನ್ನು ತಂದು ಕೊಟ್ಟದ್ದು ಎಚ್.ಡಿ. ಕೋಟೆ ಕಡೆಗೆ, ಹ್ಯಾಂಡ್‌ಪೋಸ್ಟ್ ಅನ್ನುವ ಕೂಡುರಸ್ತೆಯಿಂದ ಸಾಕಷ್ಟು ಒಳಗಿರುವ ಊರಿಗೆ. ಹೊಗೆಸೊಪ್ಪು, ರಾಗಿ, ಒಂದಿಷ್ಟು ಹತ್ತಿ ಬೆಳೆಯುವ ಮನೆ. ಮಾವ, ಅತ್ತೆ, ನನ್ನ ಗಂಡ, ಕಾಲೇಜಿಗೆ ಹೋಗುವ ನಾದಿನಿ. ಎಲ್ಲರೂ ಒಳ್ಳೆಯವರೇ. ಆದರೆ ಊರಿನಲ್ಲಿ ನೆಟ್ಟಗಿನ ಒಂದು ಫೋನಿಲ್ಲ! ಇದ್ದ ಒಂದೇ ಒಂದು ತಂತಿಯ ಫೋನು ಮಳೆಗಾಲದಲ್ಲಿ ಸತ್ತು ಬೇಸಿಗೆಯಲ್ಲಿ ಬದುಕುತ್ತಿತ್ತು. ಮದುವೆಯಾದ ಹೊಸತರಲ್ಲಿ ನಾನು ತವರು ನೆನೆದು ಅತ್ತದ್ದಕ್ಕಿಂತ ಆ ಬಿಲ್ಲಿನ ಯಂತ್ರದ ಕಿರ್ರ್ ಸದ್ದು ನೆನೆದು ಅತ್ತದ್ದೇ ಹೆಚ್ಚು.

ಆಮೇಲೊಂದು ವರ್ಷ ಸೊಪ್ಪಿಗೆ ಒಳ್ಳೆಯ ರೇಟು ಬಂತು. ಹರಾಜು ಮುಗಿಸಿ ಹುಣಸೂರಿನಿಂದ ಬಂದ ನನ್ನ ಗಂಡ, ಷರ್ಟಿನ ಜೇಬಿನಿಂದ ಮೊಬೈಲ್ ಫೋನು ತೆಗೆದು ನನ್ನ ಕೈಗಿಟ್ಟರು. ಅಯ್ಯೋ, ಆ ದಿನದ ಸಂಭ್ರಮ! ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಲು ಬಂದರು. ಗುಂಡಿಗಳ ಸಂದಿಗೆ ಕುಂಕುಮ ಹೋದರೆ ಕೆಡುತ್ತದೆ ಎಂದು ನಾನು ಅಡ್ಡ ಬಿದ್ದು, ಕೊನೆಗೆ ಬರೀ ಡಬ್ಬಕ್ಕೆ ಹಚ್ಚಿಸಿದೆ. ಅವತ್ತು ಮುದ್ದೆ ತೊಳಸುವುದನ್ನೂ ಮರೆತು ಅದರೊಳಗಿನ ಪ್ರತಿಯೊಂದು ಪಟ್ಟಿಯನ್ನೂ ಹೊಕ್ಕು ಬಂದೆ. ಗಡಿಯಾರ, ಲೆಕ್ಕದ ಯಂತ್ರ, ಎಚ್ಚರಿಸುವ ಗಂಟೆ, ಹಾವಿನ ಆಟ, ನಾವೇ ಒಂದೊಂದು ಸ್ವರ ಒತ್ತಿ ಕಟ್ಟಬಹುದಾದ ರಿಂಗ್‌ಟೋನು! ಇಷ್ಟೆಲ್ಲ ಅಂಗೈಯಲ್ಲಿ! ಎಲ್ಲವೂ ಇತ್ತು, ಸಿಗ್ನಲ್ ಒಂದನ್ನು ಬಿಟ್ಟು.

ಕಂಪನಿಯವರ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂದದ್ದು ಆಗ. ಫೋನಿನ ಜೊತೆ ಕೊಟ್ಟಿದ್ದ ಬಣ್ಣದ ಹಾಳೆಯಲ್ಲಿ ನಮ್ಮ ತಾಲ್ಲೂಕಿಗೆ ಪೂರಾ ಬಣ್ಣ ಬಳಿದಿದ್ದರು. ಕಾಡಿಗೂ ಬಣ್ಣ, ಹಿನ್ನೀರಿಗೂ ಬಣ್ಣ. ಆ ನಕ್ಷೆಯ ಪ್ರಕಾರ ಆನೆಗಳೂ ಫೋನಿನಲ್ಲಿ ಮಾತಾಡಬಹುದಿತ್ತು. ನಮ್ಮ ಮನೆಯ ಹಜಾರದಲ್ಲಿ ಮಾತ್ರ ಒಂದು ಕಡ್ಡಿಯೂ ಬರುತ್ತಿರಲಿಲ್ಲ. ಸಿಮ್ ಕೊಳ್ಳುವಾಗ ಮನೆಯ ಎಲ್ಲರ ಹೆಸರಿದ್ದ ರೇಷನ್ ಕಾರ್ಡಿನ ಜೆರಾಕ್ಸು, ಫೋಟೋ ಎಲ್ಲ ಇಸಿದುಕೊಂಡಿದ್ದರು. ಕೆಲವು ತಿಂಗಳಾದ ಮೇಲೆ ಹ್ಯಾಂಡ್‌ಪೋಸ್ಟಿನಲ್ಲಿ ಕಡಲೆಕಾಯಿ ಕೊಂಡರೆ, ಪೊಟ್ಟಣ ಕಟ್ಟಿದ್ದು ಯಾರದೋ ಅಂಥದೇ ಜೆರಾಕ್ಸಿನಲ್ಲಿ! ಕಡಲೆಕಾಯಿ ಮುಗಿಯುವಷ್ಟರಲ್ಲಿ ಆ ಮನೆಯ ಮಕ್ಕಳ ವಯಸ್ಸೆಲ್ಲ ನನಗೆ ತಿಳಿದಿತ್ತು. ‘ಇದೆಂಥಾ ಮರ್ಯಾದೆಗೆಟ್ಟ ಕೆಲಸ’ ಎಂದು ಅಂಗಡಿಯವನ ಜೊತೆ ಜಗಳವಾಡಿ ಆ ಕಟ್ಟು ಪೂರ್ತಿ ಕಿತ್ತುಕೊಂಡು ಬಂದು ಒಲೆಗೆ ಹಾಕಿದೆ. ಬರುವಾಗ ಬಸ್ಸಿನಲ್ಲಿ ನನ್ನ ಗಂಡ, ನನ್ನ ಗುರುತೇ ಇಲ್ಲದವರ ಹಾಗೆ, ಮೂರು ಸೀಟು ದೂರ ಕೂತಿದ್ದರು.

ಸಿಗ್ನಲ್ ಹುಡುಕಿದ್ದೂ ನಾನೇ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಫೋನನ್ನು ಎತ್ತರಕ್ಕೆ ಹಿಡಿದು ಹಿತ್ತಿಲು, ಕಣ, ಸೊಪ್ಪು ಬೇಯಿಸುವ ಬ್ಯಾರನ್ನಿನ ಅಟ್ಟ, ಎಲ್ಲ ಸುತ್ತಿದೆ. ‘ಸೊಸೆಗೆ ಗಾಳಿ ಮೆಟ್ಕಂಡದೆ’ ಎಂದು ಬೀದಿಯವರು ಆಡಿಕೊಂಡರು. ಕೊನೆಗೊಂದು ಸಂಜೆ ಕೆರೆ ಏರಿಯ ಮೇಲೆ, ತೂಬಿನ ಪಕ್ಕದ ಚಪ್ಪಡಿ ಕಲ್ಲು ಹತ್ತಿದೆ ನೋಡಿ, ಒಂದು ಕಡ್ಡಿ, ಎರಡು ಕಡ್ಡಿ, ಮೂರು! ಕಲ್ಲಿನ ಮೇಲೆ ನಿಂತು ಭೇರ್ಯದ ಬೂತಿಗೆ ಫೋನು ಮಾಡಿ ಅಪ್ಪನ “ಹಲೋ” ಕೇಳಿದಾಗ ನಾನು ಕಿರುಚಿದ ಸದ್ದಿಗೆ ಕೆರೆಯಲ್ಲಿದ್ದ ಬಾತುಗಳೆಲ್ಲ ಎದ್ದವು.

ಒಂದೆರಡು ವರ್ಷದೊಳಗೆ ಊರಿನಲ್ಲಿ ಬೇಕಾದಷ್ಟು ಮೊಬೈಲುಗಳಾದವು. ಸಂಜೆಯಾದರೆ ಎಲ್ಲರೂ ಏರಿಯ ಮೇಲೆ. ಹೊರಗಿನಿಂದ ಬರುವ ಕರೆಗೂ ಅಲ್ಲೇ ಕಾಯಬೇಕು, ಏರಿ ಇಳಿದರೆ ಕರೆ ತಪ್ಪಿತು. ಕೆಲವು ದಿನ ಗಾಳಿ ಬೀಸಿದ ಹಾಗೆ ಕೇರಳದ ಮೊಬೈಲ್ ಗೋಪುರದ ಸಿಗ್ನಲ್ಲೂ ತೇಲಿ ಬರುತ್ತಿತ್ತು. ‘ಕೇರಳಕ್ಕೆ ಸ್ವಾಗತ’ ಎಂದು ಮೆಸೇಜು ಬಂದು ನಮ್ಮದೇ ಕೆರೆಯ ಮೇಲೆ ನಾವು ಪರರಾಜ್ಯದವರಾಗಿಬಿಡುತ್ತಿದ್ದೆವು. ಇದೆಲ್ಲ ತಮಾಷೆಯೇ. ತಮಾಷೆಯಲ್ಲದ ಸಂಗತಿಯೆಂದರೆ, ಒಬ್ಬರ ಮಾತು ಊರಿಗೆಲ್ಲ ಕೇಳುತ್ತಿತ್ತು. ‘ನಿಮ್ಮದೇ ಸ್ವಂತ ಫೋನು’ ಎಂದು ಮಾರಿದ ವಸ್ತುವಿನಲ್ಲಿ ಸ್ವಂತದ ಒಂದು ಮಾತು ಆಡುವಂತಿರಲಿಲ್ಲ.

ಇದಕ್ಕೆ ಬಲಿಯಾದವರು ನನ್ನ ಮಾವ. ಮಿರ್ಲೆಯಲ್ಲಿದ್ದ ಅವರ ಅಣ್ಣನಿಗೆ ಕಿವಿ ಮಂದ. ಒಂದು ಸಂಜೆ ಕಲ್ಲಿನ ಮೇಲೆ ನಿಂತು ಮಾವ ತಮ್ಮ ಮೂಲವ್ಯಾಧಿಯ ಕಷ್ಟವನ್ನು ಅಣ್ಣನಿಗೆ ಅರ್ಥವಾಗುವಷ್ಟು ಜೋರಾಗಿ ವಿವರಿಸಿದರು. ಮರುದಿನ ಬೆಳಿಗ್ಗೆ ಒಬ್ಬರು ಮೂಲಂಗಿ ತಂದರು, ಒಬ್ಬರು ಸುವರ್ಣಗಡ್ಡೆ ತಂದರು, ಇನ್ನೊಬ್ಬರು ಮಜ್ಜಿಗೆಗೆ ಏನೇನು ಹಾಕಬೇಕೆಂದು ಹೇಳಿ ಹೋದರು. ಅಂಗಡಿ ಜಗಲಿಯಲ್ಲಿ ಅವರು ಕೂರಲು ಹೋದರೆ ಅಂಗಡಿಯವನು ಓಡಿ ಬಂದು ಗೋಣಿಚೀಲ ಮಡಿಸಿ ಹಾಕಿದ. ಮಾವ ಕೆಂಡವಾಗಿ ಮನೆಗೆ ಬಂದರು. ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆದೆ.

ಅವತ್ತು ಸಂಜೆ ಅವರು ಏರಿಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: “ಇವತ್ತಿಂದ ಒಂದ್ ಕಾನೂನು. ಕಲ್ಲಿನ ಮ್ಯಾಲೆ ಅತ್ತಿದೋರು ಮಾತಾಡ್ತಾರೆ. ಮಿಕ್ಕೋರು ಗದ್ದೆ ಕಡೆ ಮೊಕ ಮಾಡಿ, ಬೆನ್ ಇತ್ತಗೆ ತಿರುಗ್ಸಿ, ನಿಮ್ ನಿಮ್ಮಲ್ಲೇ ಬಾಯ್ಬುಟ್ಟು ಏನಾರ ಮಾತಾಡ್ಕಳಿ. ಕಿವಿ ಈ ಕಡೆ ಬುಟ್ಟೋನ ಫೋನು ಕೆರೆಗೋಯ್ತದೆ.”

ಎಲ್ಲರೂ ನಕ್ಕರು. ಆದರೆ ಎಲ್ಲರಿಗೂ ತಮ್ಮ ತಮ್ಮ ಮೂಲವ್ಯಾಧಿ ನೆನಪಾಗಿರಬೇಕು, ಒಪ್ಪಿಕೊಂಡರು. ಮೊದಮೊದಲು ಆಟದ ಹಾಗೆ ನಡೆದದ್ದು ಆಮೇಲೆ ಊರಿನ ಪದ್ಧತಿಯೇ ಆಯಿತು. ಯಾರಾದರೂ ಕಲ್ಲು ಹತ್ತಿದ ಕೂಡಲೇ ಏರಿಯ ಉದ್ದಕ್ಕೂ ಜನ ಗದ್ದೆಗೆ ಮುಖ ಮಾಡಿ, ಮಳೆ, ಬೆಳೆ, ಹಂದಿಕಾಟ ಎಂದು ಗಟ್ಟಿಯಾಗಿ ಶುರು ಹಚ್ಚುತ್ತಿದ್ದರು. ಬಂದ ನೆಂಟರಿಗೂ ಇದನ್ನೇ ಕಲಿಸುತ್ತಿದ್ದರು. ಗೋಪುರಕ್ಕೆ ಜಾಗ ನೋಡಲು ಬಂದ ಕಂಪನಿಯ ಮನುಷ್ಯನೊಬ್ಬ, ಟೈ ಕಟ್ಟಿಕೊಂಡವನು, ಕಲ್ಲಿನ ಮೇಲಿದ್ದವರನ್ನೇ ಪಿಳಿಪಿಳಿ ನೋಡುತ್ತಾ ನಿಂತಿದ್ದ. ನಮ್ಮೂರಿನ ಮುದುಕರೊಬ್ಬರು ಅವನ ಎರಡೂ ಹೆಗಲು ಹಿಡಿದು ಗದ್ದೆ ಕಡೆಗೆ ತಿರುಗಿಸಿ ನಿಲ್ಲಿಸಿದರು. ಆ ಮನುಷ್ಯನಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ, ಗೋಪುರವಂತೂ ಬಹಳ ವರ್ಷ ಬರಲಿಲ್ಲ.

ಈಗಿನ ಫೋನುಗಳಲ್ಲಿ ‘ನಿಮ್ಮ ಖಾಸಗಿತನ ನಮಗೆ ಬಹಳ ಮುಖ್ಯ’ ಎಂದು ಶುರುವಾಗಿ, ಓದಲು ಒಂದು ಮಧ್ಯಾಹ್ನ ಬೇಕಾಗುವಷ್ಟು ಉದ್ದದ ಒಕ್ಕಣೆ ಬರುತ್ತದೆ. ಕೊನೆಗೆ ‘ಒಪ್ಪಿದ್ದೇನೆ’ ಅನ್ನುವ ಒಂದೇ ಗುಂಡಿ. ಒಪ್ಪದಿದ್ದರೆ ಫೋನು ಇಟ್ಟಿಗೆ. ನಾನು ಬೇಸಿನ್ನು ಬೇಕು ಎಂದು ಗಂಡನ ಹತ್ತಿರ ಮಾತಾಡಿದರೆ ಸಂಜೆಗೆ ಬೇಸಿನ್ನಿನ ಜಾಹೀರಾತು ಹಾಜರು. ಇವರಿಗಿಂತ ನಮ್ಮ ಮಾವ ವಾಸಿ. ನಾಲ್ಕನೇ ಕ್ಲಾಸು ಓದಿದವರು, ಒಂದೇ ಉಸಿರಿನಲ್ಲಿ ಇಡೀ ಕಾನೂನು ಹೇಳಿದರು, ಹೇಳಿದ್ದನ್ನು ನಡೆಸಿದರು.

ನಡೆಸಿದರು ಎಂದು ಇಷ್ಟು ಧೈರ್ಯವಾಗಿ ಯಾಕೆ ಹೇಳುತ್ತೇನೆಂದರೆ, ಆ ಕಾನೂನು ಒಂದು ದಿನ ಅವರ ಮಗಳ ಮೇಲೇ ಬಂದು ನಿಂತಿತು.

ನಾದಿನಿ ಆಗ ಹುಣಸೂರಿನಲ್ಲಿ ಬಿ.ಎ. ಓದುತ್ತಿದ್ದಳು. ಎರಡು ವರ್ಷ ಮುಗಿದಿತ್ತು, ಒಂದು ವರ್ಷ ಬಾಕಿ. ಓದೆಂದರೆ ಅವಳಿಗೆ ಪ್ರಾಣ. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಬದಲಾಯಿಸಿ, ನಿಂತುಕೊಂಡೇ ಹೋಗಿ ನಿಂತುಕೊಂಡೇ ಬಂದು, ರಾತ್ರಿ ಊಟದ ಹೊತ್ತಿಗೆ ಕ್ಲಾಸಿನಲ್ಲಿ ಏನು ಹೇಳಿದರೆಂದು ನನಗೆ ಒಪ್ಪಿಸುತ್ತಿದ್ದಳು. ಅಷ್ಟರಲ್ಲಿ ಕೆ.ಆರ್. ನಗರದ ಹತ್ತಿರದ ಊರಿನಿಂದ ನೆಂಟಸ್ತಿಕೆ ಬಂತು. ನಾಲೆ ನೀರಿನ ಗದ್ದೆ, ತಾರಸಿ ಮನೆ, ಒಬ್ಬನೇ ಮಗ. ಹುಡುಗ ಬಂದು ನೋಡಿಕೊಂಡು ಹೋದ. ನೋಡಲು ಚೆನ್ನಾಗಿದ್ದ, ಉಪ್ಪಿಟ್ಟು ತಿಂದು ತಟ್ಟೆಯನ್ನು ತಾನೇ ಎತ್ತಿಡಲು ಹೋದ. ನಾದಿನಿಗೂ ಇಷ್ಟವಾದ. ಮುಂದಿನ ಭಾನುವಾರ ವೀಳ್ಯಶಾಸ್ತ್ರ ಎಂದು ನಿಗದಿಯಾಯಿತು.

ಅವಳಿಗೆ ಕೇಳಬೇಕಿದ್ದದ್ದು ಒಂದೇ ಪ್ರಶ್ನೆ. ಮದುವೆಯಾದ ಮೇಲೆ ಆ ಒಂದು ವರ್ಷ ಓದಿ ಮುಗಿಸಬಹುದೇ? ವೀಳ್ಯ ಬದಲಾಯಿತೆಂದರೆ ಮುಗಿಯಿತು, ಆಮೇಲೆ ಕೇಳುವುದು ಭಿಕ್ಷೆ, ಮೊದಲು ಕೇಳಿದರೆ ಮಾತು. ಆದರೆ ಯಾರನ್ನು ಕೇಳುವುದು? “ಎಣ್ಣು ಕಂಡೀಸನ್ ಆಕ್ತಾಳಾ? ಗಂಡಿನೋರು ಎದ್ದೋಯ್ತಾರೆ” ಎಂದು ಅತ್ತೆ ಬಾಯಿ ಮುಚ್ಚಿಸಿದ್ದರು. ಇನ್ನು ಮಾವನನ್ನು ಕೇಳುವುದು ನಮ್ಮಿಬ್ಬರ ಯೋಚನೆಗೇ ಬರಲಿಲ್ಲ. ಅವರು ಸೊಪ್ಪಿನ ವಿಷಯ ಮಾತಾಡುವವರು, ದನದ ವಿಷಯ ಮಾತಾಡುವವರು.

“ಹುಡುಗನ್ನೇ ಕೇಳ್ಬುಡು” ಅಂದೆ ನಾನು.

ಅವಳು ಮೊದಲು ಈಮೇಲ್ ಮಾಡುತ್ತೇನೆಂದು ಹೊರಟಳು. ಹುಡುಗನ ಈಮೇಲ್ ವಿಳಾಸ ಅವನ ಜಾತಕದ ಹಾಳೆಯ ಮೇಲೇ ಇತ್ತು, ಕಾಲ ಹಾಗೆ ಬದಲಾಗಿತ್ತು. ಹುಣಸೂರಿನಲ್ಲಿ ಅವಳ ಕಾಲೇಜಿನ ಹತ್ತಿರ ಒಂದು ಬ್ರೌಸಿಂಗ್ ಸೆಂಟರಿತ್ತು. ಮೊದಲು ಅಲ್ಲಿ ಪ್ಲೈವುಡ್ಡಿನ ಗೂಡುಗಳೂ ಪರದೆಗಳೂ ಇದ್ದವು. ಯಾವನೋ ಪಡ್ಡೆ ಹುಡುಗ ನೋಡಬಾರದ್ದನ್ನು ನೋಡಿದನೆಂದು ಬೀದಿಯ ದೊಡ್ಡವರು ಸೇರಿ ಗಲಾಟೆ ಮಾಡಿ, ಪರದೆ ಕಿತ್ತುಹಾಕಿಸಿ, ಎಲ್ಲ ಕಂಪ್ಯೂಟರುಗಳ ಮುಖವನ್ನೂ ರಸ್ತೆಯ ಕಡೆಗೆ ತಿರುಗಿಸಿದ್ದರು. ಎದುರಿನ ಬೇಕರಿಯಲ್ಲಿ ಬನ್ನು ತಿನ್ನುವವರಿಗೆಲ್ಲ ಒಳಗೆ ಕೂತವರ ರಿಸಲ್ಟು, ಅರ್ಜಿ, ಪತ್ರ ಎಲ್ಲ ಕಾಣುತ್ತಿತ್ತು. ಒಂದು ಇಲಿಗಾಗಿ ಕಣಜಕ್ಕೇ ಬೆಂಕಿ ಇಟ್ಟ ಹಾಗೆ! ಇಂಥ ದೊಡ್ಡವರನ್ನು ಆಮೇಲೆ ದೊಡ್ಡ ದೊಡ್ಡ ಜಾಗಗಳಲ್ಲೂ ಕಂಡಿದ್ದೇನೆ, ಅದು ಮುಚ್ಚಿ, ಇದು ತೆರೆಯಿರಿ, ಎಲ್ಲ ನಮಗೆ ಕಾಣುವಂತಿರಲಿ ಅನ್ನುವವರನ್ನು. ಪಡ್ಡೆ ಹುಡುಗ ಮೈಸೂರಿಗೆ ಹೋಗಿ ನೋಡಿದ. ಸಿಕ್ಕಿಬಿದ್ದವಳು ನನ್ನ ನಾದಿನಿ. ಅವಳು ಕೂತು ಎರಡು ಸಾಲು ಟೈಪು ಮಾಡಿ, ಬೇಕರಿಯ ಕಡೆ ನೋಡಿ, ಎಲ್ಲ ಅಳಿಸಿ ಎದ್ದು ಬಂದಳು.

“ಆ ಬೇಕರಿಗಿಂತ ನಮ್ ಏರಿನೇ ವಾಸಿ ಕಣತ್ಗೆ” ಅಂದಳು ಬಂದವಳೇ. ನನಗೆ ಮೈಯೆಲ್ಲ ಪುಳಕವಾಯಿತು. ಹೌದಲ್ಲ! ಮನೆಯಲ್ಲಿ ಗೋಡೆಗೆ ಕಿವಿ, ಪೇಟೆಯಲ್ಲಿ ಬೀದಿಗೆ ಕಣ್ಣು. ಇಡೀ ತಾಲ್ಲೂಕಿನಲ್ಲಿ ಒಬ್ಬ ಹೆಣ್ಣುಮಗಳು ಹೆದರದೆ ಮಾತಾಡಬಹುದಾದ ಜಾಗವಿದ್ದರೆ ಅದು ಊರವರೆಲ್ಲ ನಿಂತಿರುವ ನಮ್ಮ ಕೆರೆ ಏರಿ!

ಹುಡುಗನ ಮೊಬೈಲ್ ನಂಬರು ನನ್ನ ಗಂಡನ ಫೋನಿನಲ್ಲಿತ್ತು. ಗುರುವಾರ ಸಂಜೆ ನಾವಿಬ್ಬರೂ ಏರಿ ಹತ್ತಿದೆವು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಅವಳು ಬಾಯಿಪಾಠ ಮಾಡುತ್ತಿದ್ದಳು. ನಾನು ಯುದ್ಧಕ್ಕೆ ಕಳಿಸುವವಳ ಹಾಗೆ ಬ್ಯಾಟರಿ ನೋಡಿ, ಕಡ್ಡಿ ನೋಡಿ, ನಂಬರು ಒತ್ತಿ ಕೊಟ್ಟೆ. ಅವಳು ಕಲ್ಲು ಹತ್ತಿದಳು. ನಾನು ತಿರುಗಿದೆ. ತಿರುಗಿ ನೋಡಿದರೆ ನನ್ನ ಪಕ್ಕದಲ್ಲೇ ಮಾವ!

ಸೊಪ್ಪು ಕಟ್ಟಿದ ಬೇಲುಗಳನ್ನು ಯಾವತ್ತು ತರಬೇಕೆಂದು ಹರಾಜು ಕಟ್ಟೆಯ ಕಡೆಯಿಂದ ಕರೆ ಬರಬೇಕಿತ್ತಂತೆ, ಕಾಯುತ್ತಾ ನಿಂತಿದ್ದರು. ಮಗಳು ಕಲ್ಲಿನ ಮೇಲೆ ಹತ್ತಿದ್ದನ್ನು ಕಂಡಿದ್ದರು. ಅವಳು ಯಾರಿಗಾದರೂ ಫೋನು ಮಾಡಿದ್ದನ್ನು ಅವರು ಅದುವರೆಗೆ ಕಂಡವರಲ್ಲ. ಅವರ ಮುಖದಲ್ಲಿ ಪ್ರಶ್ನೆ ಕುಣಿಯುತ್ತಿತ್ತು. ಹಿಂದಿನಿಂದ ನಾದಿನಿಯ ದನಿ ಸಣ್ಣಗೆ ಏಳುತ್ತಲೂ ಮಾವನ ಕತ್ತು ಒಂಚೂರು, ಒಂದೇ ಒಂಚೂರು, ಆ ಕಡೆ ಹೊರಳಿತು.

“ಕತ್ತು ನೆಟ್ಟಗಿಟ್ಕಳಿ ಗೌಡ್ರೆ” ಅಂದರು ಆಚೆ ನಿಂತಿದ್ದ ಮುದುಕರು, ಟೈ ಕಟ್ಟಿದವನನ್ನು ತಿರುಗಿಸಿದವರೇ. “ನಿಮ್ದೇ ಕಾನೂನು.”

ಮಾವ ಕತ್ತು ನೆಟ್ಟಗೆ ಮಾಡಿಕೊಂಡರು. ಟವೆಲ್ಲನ್ನು ಹೆಗಲಿನಿಂದ ತೆಗೆದು ಕಿವಿ ಮುಚ್ಚುವ ಹಾಗೆ ತಲೆಗೆ ಸುತ್ತಿಕೊಂಡರು. ಆಮೇಲೆ ಗದ್ದೆಯನ್ನೇ ನೋಡುತ್ತಾ ನನ್ನ ಜೊತೆ ಸೊಪ್ಪಿನ ಸಸಿಮಡಿಯ ವಿಷಯ ಶುರು ಮಾಡಿದರು. ಬೀಜ, ಬೂದಿ, ಹುಳ, ಔಷಧಿ, ಹೋದ ವರ್ಷದ ಮಡಿ, ಅದರ ಹಿಂದಿನ ವರ್ಷದ ಮಡಿ. ಕೂಗಿ ಕೂಗಿ ಅವರ ದನಿ ಬಿದ್ದುಹೋಯಿತು. ನಾನು ಕೂಡ ಕೂಗಿದೆ. ಸಸಿಮಡಿಯ ಬಗ್ಗೆ ಅಷ್ಟು ಉದ್ವೇಗದಿಂದ ಮಾತಾಡಿದವರು ಹೊಗೆಸೊಪ್ಪಿನ ಸೀಮೆಯಲ್ಲೇ ಬೇರೆ ಯಾರೂ ಇರಲಾರರು.

ನಾದಿನಿ ಕಲ್ಲಿಳಿದು ಬಂದಳು. ಮುಖ ಕೆಂಪಗಾಗಿತ್ತು. ಫೋನನ್ನು ನನ್ನ ಕೈಗೆ ತುರುಕಿ ದಡದಡ ಏರಿ ಇಳಿದು ಮನೆ ಕಡೆ ನಡೆದಳು. ಮಾವ ಏನೂ ಕೇಳಲಿಲ್ಲ. ಅವರ ಕರೆ ಬಂತು, ಕಲ್ಲು ಹತ್ತಿದರು.

ಏನಾಯಿತೆಂದು ಹಿತ್ತಿಲಿನಲ್ಲಿ ಅವಳು ನನಗೆ ಹೇಳಿದಳು. ಹುಡುಗ ಖುಷಿಯಿಂದಲೇ ಮಾತಾಡಿದ್ದಾನೆ. ಇವಳು ಧೈರ್ಯ ಮಾಡಿ, “ನಿಮ್ಮನ್ನ ಒಂದ್ ಮಾತು ಕೇಳ್ಬೇಕು, ನಿಮ್ಗೊಬ್ರಿಗೇ” ಎಂದು ಶುರು ಮಾಡಿ, ಬಾಯಿಪಾಠ ಮಾಡಿದ್ದನ್ನೆಲ್ಲ ಹೇಳಿದ್ದಾಳೆ. ಓದು ಅಂದರೆ ತನಗೆಷ್ಟು ಆಸೆ, ಒಂದೇ ವರ್ಷ, ಪರೀಕ್ಷೆ ಮುಗಿದ ಮೇಲೆ ಮನೆಗೆಲಸ ಪೂರಾ ತನ್ನದೇ, ಹೀಗೆ. ಉತ್ತರ ಬಂದದ್ದು ಅವನಿಂದಲ್ಲ. ಒಬ್ಬ ದೊಡ್ಡ ಹೆಂಗಸಿನ ದನಿ, “ಓದಿ ಏನ್ ಕಡ್ದು ಕಟ್ಟೆ ಆಕ್ಬೇಕು ಕಣವ್ವ?” ಅಂದಿತಂತೆ. ಹಿಂದೆಯೇ ಹಲವರು ಘೊಳ್ಳೆಂದು ನಕ್ಕ ಸದ್ದು, ಲೋಟದ ಸದ್ದು. ಯಾರು ಯಾರಿದ್ದಾರೆ ಎಂದು ಇವಳು ಕೇಳಿದರೆ ಹುಡುಗ, “ಎಲ್ರೂ ಅವ್ರೆ. ಸ್ಪೀಕರ್ ಆಕಿವ್ನಿ, ಹೊಸಾ ಸೆಟ್ಟು, ಎಷ್ಟ್ ಕ್ಲಿಯರಾಗಿ ಕೇಳ್ತದೆ ಗೊತ್ತಾ!” ಅಂದನಂತೆ.

ಅವನು ಕೆಟ್ಟವನಲ್ಲ. ಇದನ್ನು ಅವತ್ತೂ ಹೇಳಿದೆ, ಈಗಲೂ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಹೊಸ ವಸ್ತು ಬಂದರೆ ಎಲ್ಲರ ಮುಂದೆ ಇಟ್ಟು ತೋರಿಸುವುದು ಪ್ರೀತಿ, ಒಬ್ಬನೇ ಬಚ್ಚಿಟ್ಟುಕೊಳ್ಳುವುದು ಜಿಪುಣತನ. ಫೋನು, ಅದರಲ್ಲಿ ಬಂದ ಹೆಣ್ಣಿನ ದನಿ, ಎರಡನ್ನೂ ಅವನು ಹಾಗೆಯೇ ಹಂಚಿಬಿಟ್ಟಿದ್ದ. ಆ ಸ್ಪೀಕರಿನ ಗುಂಡಿಯನ್ನು ಮಾಡಿದ ಕಂಪನಿಯವರಾದರೂ, ಒತ್ತಿದಾಗ ಈ ಕಡೆಯವರಿಗೆ ಒಂದು ‘ಟಿಂಗ್’ ಅನ್ನುವ ಸದ್ದು ಕೇಳುವ ಹಾಗೆ ಮಾಡಬಾರದಿತ್ತೇ? ನಾದಿನಿ ಮಾತ್ರ ಅಳಲಿಲ್ಲ. “ಓದ್ಬ್ಯಾಡ ಅಂದಿದ್ರೆ ಅತ್ತು ಸುಮ್ನಾಗ್ತಿದ್ದೆ. ಎಲ್ರ ಮುಂದೆ ನನ್ನ ಬಿಚ್ಚಾಕ್ದಂಗಾಯ್ತು ಕಣತ್ಗೆ” ಅಂದಳು. ಭಾನುವಾರ ಬರುವುದಿತ್ತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ನೆಂಟಸ್ತಿಕೆ ತಂದಿದ್ದ ನಡುವಿನವರು ಬಂದಿಳಿದರು, ನಮಗೆ ದೂರದ ಬಂಧು. ಜಗಲಿಯ ಮೇಲೆ ಕೂತು, ಕೊಟ್ಟ ಕಾಫಿ ಕುಡಿದು, ಗಂಟಲು ಸರಿ ಮಾಡಿಕೊಂಡರು. ಮಾವ ಎದುರಿಗೆ, ಅತ್ತೆ ಬಾಗಿಲಲ್ಲಿ. ಕಾಲೇಜಿಗೆ ಹೊರಡಲು ಚೀಲ ಹಿಡಿದ ನಾದಿನಿ ನನ್ನ ಹಿಂದೆ ನಿಂತು ನನ್ನ ಸೆರಗು ಹಿಡಿದುಕೊಂಡಿದ್ದಳು.

“ಏನ್ ಗೌಡ್ರೆ, ನಿಮ್ ಮಗ್ಳು ಫೋನ್ ಮಾಡಿತ್ತಂತೆ” ಎಂದು ಶುರು ಮಾಡಿದರು. “ಮದ್ವೆಗ್ ಮುಂಚೆನೇ ಕಂಡೀಸನ್ನು. ಅವ್ರ ಮನೇಲಿ ಬ್ಯಾಸ್ರ ಮಾಡ್ಕಂಡವ್ರೆ. ಎಣ್ಮಗ ಏನ್ ಕೇಳ್ತು ಅಂದ್ರೆ...”

ಮಾವ ಕೈ ಎತ್ತಿದರು. “ಹೇಳ್ಬ್ಯಾಡ.”

“ಅಲ್ಲ ಕಣ್ರೀ, ನಿಮ್ಗೆ ಗೊತ್ತಾಗ್ಬೇಕಲ್ಲ...”

“ನಾ ಅವ್ಳಿಂದ ಇಷ್ಟ್ ದೂರದಲ್ಲಿ ನಿಂತಿದ್ದೆ” ಎಂದು ಮಾವ ಜಗಲಿಯಿಂದ ಕೊಟ್ಟಿಗೆಯವರೆಗೆ ಕೈ ತೋರಿಸಿದರು. “ನನ್ ಮಗ್ಳು ಏನಂದ್ಲು ಅಂತ ನನ್ಗೇ ಗೊತ್ತಿಲ್ಲ. ಕೆ.ಆರ್. ನಗರದ್ ತಾವ್ ಇರೋನು, ನಿನ್ಗೆಂಗೆ ಗೊತ್ತಾಯ್ತು?”

ನಡುವಿನವರು ನಕ್ಕರು. “ಗೊತ್ತಾಗ್ದೆ ಏನು? ಸ್ಪೀಕರ್ ಆಕಿದ್ರು. ನಾನೂ ಅಲ್ಲೇ ಕಾಪಿ ಕುಡೀತಾ ಕುಂತಿದ್ದೆ. ಅಕ್ಕಪಕ್ಕದೋರೂ ಇದ್ರು. ಒಂದಕ್ಷರ ಬುಡದಂಗೆ ಎಲ್ರೂ ಕೇಳುಸ್ಕಂಡೋ.”

ಮಾವ ಎದ್ದು ನಿಂತು, ಸಿಟ್ಟಿಲ್ಲದ ದನಿಯಲ್ಲಿ, “ಬಾನ್ವಾರ ಬರೋದು ಬ್ಯಾಡ ಅಂತ ಹೇಳ್ಬುಡು. ಒಳ್ಳೇ ಜನವೇ, ಇಲ್ಲ ಅನ್ನಲ್ಲ. ಆ ಮನೇಗೆ ನಾ ಎಣ್ಣು ಕೊಡಲ್ಲ” ಅಂದರು.

“ಇಷ್ಟಕ್ಕಾ? ಒಂದ್ ಸ್ಪೀಕರ್‌ಗಾ?” ಎಂದು ನಡುವಿನವರು ಬಾಯಿ ತೆರೆದರು. ಅತ್ತೆ, “ನಿಮ್ಗೇನ್ ಬುದ್ಧಿ ಕೆಟ್ಟದಾ? ನಾಲೆ ಗದ್ದೆ ಕಣ್ರೀ” ಎಂದು ಬಾಗಿಲಿನಿಂದ ಕೂಗಿದರು. ನನಗಂತೂ ಕುಣಿಯುವುದೊಂದು ಬಾಕಿ. ಅಷ್ಟು ಖುಷಿ ನನಗೆ ಮೊದಲ ಮೊಬೈಲು ಕೈಗೆ ಬಂದಾಗಲೂ ಆಗಿರಲಿಲ್ಲ, ಮಾವನ ಕಾಲಿಗೆ ಅಡ್ಡ ಬೀಳೋಣ ಅನ್ನಿಸಿತು. ಮಾವ ಮಾತ್ರ ಯಾರಿಗೂ ಉತ್ತರ ಕೊಡದೆ ಮಗಳ ಕಡೆ ತಿರುಗಿದರು.

“ಈಗ ನೀನೇ ಹೇಳವ್ವ, ಬೇಕು ಅನ್ಸುದ್ರೆ.”

ನಾದಿನಿ ನನ್ನ ಸೆರಗು ಬಿಟ್ಟು ಮುಂದೆ ಬಂದಳು. ನಡುವಿನವರು, ಅತ್ತೆ, ನಾನು, ಎಲ್ಲರೂ ಇದ್ದೆವು. ಅವಳಿಗೆ ಅದರ ಲಕ್ಷ್ಯವಿರಲಿಲ್ಲ. “ಇನ್ನೊಂದೊರ್ಸ ಐತೆ ಕಣಪ್ಪ, ಡಿಗ್ರಿ ಮುಗುಸ್ಲಾ?” ಅಂದಳು.

ಮಾವ ಕಣ್ಣು ಕಣ್ಣು ಬಿಟ್ಟರು. “ಇಷ್ಟೇಯಾ? ಇದ ಕೇಳಕ್ಕೆ ಅಷ್ಟ್ ದೂರ ಫೋನ್ ಮಾಡ್ಬೇಕಿತ್ತಾ? ನಾ ಅಲ್ಲೇ ನಿಂತಿದ್ನಲ್ಲವ್ವ!”

“ನಿನ್ನ ಕೇಳ್ಬೋದು ಅಂತ ನನ್ಗೆ ಗೊತ್ತಿರ್ನಿಲ್ಲ ಕಣಪ್ಪ” ಅಂದಳು ಅವಳು.

ಮಾವ ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ, “ಈಗ ಗೊತ್ತಾಯ್ತಲ್ಲ, ಹೊರಡು, ಬಸ್ಸು ಬುಟ್ಬುಟ್ಟಾತು” ಎಂದು ಅವಳ ಚೀಲ ತಾವೇ ಎತ್ತಿಕೊಂಡು ಮುಂದೆ ಮುಂದೆ ನಡೆದರು.